ಟ್ಯಾಂಕು ಕೊಡುವ ಮಿಸ್ಡ್ ಕಾಲ್

"ಈ ಡಬ್ಬಿ ಬಂದ್ಮ್ಯಾಲೆ ನಾನು ಹತ್ತೋದು ಜಾಸ್ತಿ ಆಗೈತೆ ಕಣವ್ವ" ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಡಬ್ಬಿ ಮಾಡಿದವಳು ನಾನು. ಅವನು ಹತ್ತಬಾರದು ಎಂದೇ ಮಾಡಿದ್ದು.

ಅಪ್ಪ ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರಿನ ನೀರುಗಂಟಿ. ಊರಾಚೆ ಮೋಟರು ಹಾಕುವುದು, ಊರೊಳಗಿನ ಎತ್ತರದ ಟ್ಯಾಂಕು ತುಂಬಿಸುವುದು, ಓಣಿಗೊಂದು ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಎಷ್ಟು ತುಂಬಿದೆ ಎಂದು ನೋಡದೆ ಬಿಟ್ಟರೆ ಮೇಲಿನ ಓಣಿಗೆ ಬಂದ ನೀರು ಕೆಳಗಿನ ಓಣಿಗೆ ಬರುವುದಿಲ್ಲ. ಆಗ ಕೆಳಗಿನ ಓಣಿಯವರು ಬೈಗುಳವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಹಾಗಾಗಿ ದಿನಕ್ಕೆ ಎರಡು ಸಲ ಕಬ್ಬಿಣದ ಏಣಿ ಹತ್ತಿ ಒಳಗೆ ಇಣುಕುತ್ತಿದ್ದ. ಹೋದ ವರ್ಷ ತುದಿಯ ಮೆಟ್ಟಿಲಲ್ಲಿ ಕಾಲು ಜಾರಿ ಬರೀ ಕೈಯಲ್ಲಿ ಜೋತುಬಿದ್ದಿದ್ದ. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕೆಳಗೆ ಬಟ್ಟೆ ಒಗೆಯುತ್ತಿದ್ದವರು ಅವ್ವನಿಗೆ ಹೇಳಿದರು, ಅವ್ವ ನನಗೆ ಹೇಳಿದಳು. ಕೆಲಸ ಬಿಡು ಎಂದರೆ ಕೇಳುವವನಲ್ಲ, ಮಂಡಿ ನೋಯುತ್ತದೆ ಎಂದು ಒಪ್ಪುವವನೂ ಅಲ್ಲ. ಇನ್ನೊಮ್ಮೆ ಜಾರಿದರೆ ಏನು ಗತಿ ಎಂದು ನನಗೆ ಪಾಠ ಮಾಡುವಾಗಲೂ ಅದೇ ಯೋಚನೆ.

ನಾನು ಚಳ್ಳಕೆರೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ನೀರಿನ ಮಟ್ಟ ನೋಡಿ ಫೋನಿಗೆ ಸುದ್ದಿ ಕಳಿಸುವ ಡಬ್ಬಿ ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡೆ. ಬೋರ್ಡು ಕೂರಿಸಿದೆ, ಸಿಮ್ ಹಾಕಿದೆ, ನಿಮಿಷಕ್ಕೊಮ್ಮೆ ನೀರಿನ ಮಟ್ಟ ನನ್ನ ಫೋನಿನಲ್ಲಿ ಗೆರೆಯಾಗಿ ಮೂಡುವಂತೆ ಮಾಡಿ, ಅಪ್ಪನ ಕೈಯಲ್ಲೇ ಟ್ಯಾಂಕಿನೊಳಗೆ ಕಟ್ಟಿಸಿದೆ. ಆ ಗೆರೆಯನ್ನು ಸ್ಟಾಫ್ ರೂಮಿನಲ್ಲಿ ಒಬ್ಬರನ್ನೂ ಬಿಡದೆ ಎಲ್ಲರಿಗೂ ತೋರಿಸಿದೆ. ನಾಲ್ಕನೇ ದಿನ ಗೆರೆ ನಿಂತುಹೋಯಿತು. ಡಬ್ಬಿಯ ಬ್ಯಾಟರಿ ಸೆಲ್ ಖಾಲಿ. ಅಪ್ಪನದು ಕೀಪ್ಯಾಡ್ ಫೋನು, ಗೆರೆಯಿಂದ ಅವನಿಗೆ ಕವಡೆಯಷ್ಟೂ ಉಪಯೋಗವಿರಲಿಲ್ಲ. ಗೆರೆ ನೋಡಿ ನಾನೇ ಫೋನ್ ಮಾಡಿ ಹೇಳಬೇಕು, ನಾನು ಕ್ಲಾಸಿನಲ್ಲಿದ್ದರೆ ಅವನು ಎಂದಿನಂತೆ ಹತ್ತಿ ನೋಡುತ್ತಿದ್ದ. ಅದರ ಮೇಲೆ ಸೆಲ್ ಬದಲಿಸಲು ಅಂಗಿ ಜೇಬಿನಲ್ಲಿ ಹೊಸ ಸೆಲ್ ಇಟ್ಟುಕೊಂಡು ಇನ್ನೊಂದು ಸಲ ಹತ್ತುತ್ತಿದ್ದ.

ಭಾನುವಾರ ಊರಿಗೆ ಹೋಗಿ, ಅಪ್ಪ ಇಳಿಸಿಟ್ಟಿದ್ದ ಡಬ್ಬಿ ಬಿಚ್ಚಿ ಜಗಲಿಯ ಮೇಲೆ ಹರಡಿ ಕೂತೆ. ಅಪ್ಪ ಚಹಾ ಲೋಟ ಹಿಡಿದು ಬಂದು ಬೋರ್ಡಿನ ಮೇಲಿನ ಕೆಂಪು ದೀಪದತ್ತ ಬೆರಳು ತೋರಿಸಿದ. "ಇದು ಯಾರಿಗೆ ಹಚ್ಚಿರೋ ದೀಪ? ಟ್ಯಾಂಕಿನಾಗೆ ಯಾರಿದಾರೆ?"

ಡಬ್ಬಿ ಚಾಲೂ ಇದೆ ಎಂದು ತೋರಿಸುವ ಸಾಸಿವೆಯಷ್ಟು ದೀಪ ಅದು. ಮುಚ್ಚಿದ ಟ್ಯಾಂಕಿನೊಳಗೆ ಹಗಲೂ ರಾತ್ರಿ ಸೆಲ್ ತಿನ್ನುತ್ತಾ ಉರಿಯುತ್ತಿತ್ತು. ಇಕ್ಕಳ ತಗೊಂಡು ಅಲ್ಲೇ ಕಿತ್ತೆ. ಡಬ್ಬಿ ದಿನಕ್ಕೆ ಎಷ್ಟು ಸಲ ನೀರು ನೋಡುತ್ತದೆ ಎಂದು ಅಪ್ಪ ಕೇಳಿದ. ನಿಮಿಷಕ್ಕೊಮ್ಮೆ ಎಂದೆ. ಸಂಬಳ ತಗೊಳ್ಳುವ ತಾನೇ ದಿನಕ್ಕೆ ಎರಡು ಸಲ ನೋಡುವುದು, ಇದಕ್ಕೇನು ಬಂದಿದೆ ರೋಗ ಎಂದು ನಕ್ಕ. ಮೋಟರು ಹಾಕಿದರೆ ನೀರು ಏರುತ್ತದೆ, ವಾಲ್ ತಿರುವಿದರೆ ಇಳಿಯುತ್ತದೆ, ಮಿಕ್ಕ ಹೊತ್ತಿನಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದ.

ನಾನು ಡಬ್ಬಿಗೆ ಕೊಟ್ಟಿದ್ದು ಕೋಳಿನಿದ್ದೆ, ನಿಮಿಷಕ್ಕೊಮ್ಮೆ ಕಣ್ಣು ಬಿಡುವುದು. ಕೊಡಬೇಕಾದದ್ದು ಕುಂಭಕರ್ಣನ ನಿದ್ದೆ. ನೀರೇ ಬಂದು ಎಬ್ಬಿಸಲಿ! ಟ್ಯಾಂಕಿನೊಳಗೆ ಮೇಲೊಂದು ಕೆಳಗೊಂದು ತೇಲುವ ಗುಂಡು ಕಟ್ಟಿದರೆ, ಗುಂಡು ಏರಿದಾಗಲೋ ಇಳಿದಾಗಲೋ ಡಬ್ಬಿಗೆ ಎಚ್ಚರವಾದರೆ ಸಾಕು.

ಆದರೂ ಮಾತಿನ ಖರ್ಚು ಉಳಿದಿತ್ತು. ನೀರು ನೋಡುವುದಕ್ಕಿಂತ ಸುದ್ದಿ ಹೇಳುವುದಕ್ಕೇ ಡಬ್ಬಿಯ ಸೆಲ್ ಹೆಚ್ಚು ಸವೆಯುತ್ತದೆ. ಟವರ್ ಹುಡುಕಬೇಕು, ಇಂಟರ್ನೆಟ್ಟಿಗೆ ಸೇರಬೇಕು, ಹೇಳಬೇಕು, ಮುಟ್ಟಿತು ಎಂಬ ಉತ್ತರ ಬರುವವರೆಗೆ ಕಾಯಬೇಕು. ಬರ್ತೀನಿ ಎಂದು ಎದ್ದ ನೆಂಟರು ಹೊಸ್ತಿಲಲ್ಲೇ ಅರ್ಧ ಗಂಟೆ ಮಾತಾಡಿದ ಹಾಗೆ. ಇದನ್ನು ಹೇಳಿದಾಗ ಅಪ್ಪ ಲೋಟ ಕೆಳಗಿಟ್ಟ.

"ಮಿಸ್ಡ್ ಕಾಲ್ ಕೊಡಂಗೆ ಮಾಡು. ನೀನು ಕೊಡ್ತಿರ್ಲಿಲ್ವಾ?"

ಹೌದು, ಕೊಡುತ್ತಿದ್ದೆ. ಚಳ್ಳಕೆರೆಯ ಹಾಸ್ಟೆಲಿನಲ್ಲಿ ಓದುವಾಗ ಬೆಳಿಗ್ಗೆ ಒಂದು ರಿಂಗ್ ಅಂದರೆ ಚೆನ್ನಾಗಿದ್ದೇನೆ, ಎರಡು ರಿಂಗ್ ಅಂದರೆ ನೀನೇ ಮಾಡು. ಅಪ್ಪ ಎತ್ತುತ್ತಿರಲಿಲ್ಲ, ಆದರೂ ಸುದ್ದಿ ಮುಟ್ಟುತ್ತಿತ್ತು. ಡಬ್ಬಿಯೂ ರಿಂಗ್ ಕೊಟ್ಟು, ಕಟ್ ಮಾಡಿ, ಮಲಗಿಬಿಡಬಹುದಲ್ಲ! ಇಂಟರ್ನೆಟ್ಟೂ ಬೇಡ, ಉತ್ತರವೂ ಬೇಡ, ಅಪ್ಪನ ಕೀಪ್ಯಾಡ್ ಫೋನೇ ಸಾಕು. ಟ್ಯಾಂಕು ತುಂಬಿದರೆ ಎರಡು, ತಳ ಕಂಡರೆ ಮೂರು ಎಂದು ಅಲ್ಲೇ ಗೊತ್ತು ಮಾಡಿದೆವು. ಊಟಕ್ಕೆ ಎರಡು ಸಲ ಕರೆದು ಸಾಕಾದ ಅವ್ವ, ಅಪ್ಪ ಮಗಳು ಇಬ್ಬರಿಗೂ ಒಂದೇ ಹುಚ್ಚು ಎಂದು ಬೈದಳು.

ಆ ವಾರ ನನಗೆ ಹಸಿವೆಯೇ ಆಗಲಿಲ್ಲ. ಲ್ಯಾಬಿನಲ್ಲಿ ಹೊಸ ಪ್ರೋಗ್ರಾಂ ಹಾಕಿ, ಡಬ್ಬಿಯನ್ನು ಮಲಗಿಸಿ, ಮೀಟರ್ ನೋಡಿದರೆ ಸೊನ್ನೆ. ಮೀಟರ್ ಕೆಟ್ಟಿತೆಂದು ತಟ್ಟಿದೆ. ವೈರು ಬದಲಿಸಿದೆ. ಆಮೇಲೆ ಹೊಳೆದು ಮೀಟರಿನ ಗುಬುಟನ್ನು ಅತಿ ಸಣ್ಣ ಅಳತೆಗೆ ತಿರುಗಿಸಿದೆ. ಸೊನ್ನೆಯಲ್ಲ, ಅಲ್ಲೊಂದು ಪುಟಾಣಿ ಅಂಕಿ ಮಿಣುಕುತ್ತಿತ್ತು. ಡಬ್ಬಿ ಉಸಿರಾಡುತ್ತಿತ್ತು, ಅಷ್ಟೇ. ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಕೇಕೆ ಹಾಕಿದೆ.

ಈ ಸಲ ಕೂರಿಸಲು ನಾನೇ ಹತ್ತಿದೆ. ಹುಟ್ಟಿದಾಗಿನಿಂದ ಆ ಟ್ಯಾಂಕಿನ ನೀರು ಕುಡಿದವಳು, ಏಣಿ ಹತ್ತಿದ್ದು ಅದೇ ಮೊದಲು. ಅರ್ಧಕ್ಕೆ ಬಂದಾಗ ಮೆಟ್ಟಿಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅಪ್ಪ ಅಂಗೈಯಲ್ಲಿ ಹಿಡಿದು ಹಿಡಿದು ಮೆಟ್ಟಿಲುಗಳು ನುಣ್ಣಗಾಗಿದ್ದವು. ತುದಿಯಿಂದ ಜಟಿಂಗ ರಾಮೇಶ್ವರದ ಬೆಟ್ಟ ಕಂಡಿತು, ಕೆಳಗೆ ಅಪ್ಪ ಚಿಕ್ಕವನಾಗಿ ಕಂಡ. ಇಷ್ಟು ವರ್ಷ ಒಮ್ಮೆಯೂ ಹತ್ತಿ ನೋಡದ ನನ್ನ ಬಗ್ಗೆ ನಾಚಿಕೆಯಾಯಿತು. ಇಳಿಯುವಷ್ಟರಲ್ಲಿ ಟ್ಯಾಂಕು ತುಂಬಿ, ಅಪ್ಪನ ಜೇಬಿನಲ್ಲಿ ಎರಡು ರಿಂಗ್ ಆಗಿ ನಿಂತಿತು. ಅಪ್ಪ ಫೋನು ಹೊರತೆಗೆದು ಓಣಿಯವರಿಗೆಲ್ಲ ತೋರಿಸಿದ.

ನಾಲ್ಕು ದಿನ ಕಳೆಯಿತು, ನಾಲ್ಕು ವಾರ ಕಳೆಯಿತು, ಸೆಲ್ ಖಾಲಿಯಾಗಲಿಲ್ಲ. ನಾನು ಗಾಳಿಯಲ್ಲೇ ಓಡಾಡುತ್ತಿದ್ದೆ. ಆಗ ಅವ್ವ ಫೋನ್ ಮಾಡಿ ಗುಟ್ಟು ಬಿಟ್ಟುಕೊಟ್ಟಳು. ಅಪ್ಪ ಈಗಲೂ ದಿನಾ ಬೆಳಿಗ್ಗೆ ಹತ್ತುತ್ತಾನಂತೆ.

ಮುಂದಿನ ಬಸ್ಸಿಗೇ ಹೋಗಿ ಜಗಳಕ್ಕೆ ನಿಂತೆ. ಡಬ್ಬಿ ಕೆಲಸ ಮಾಡುತ್ತಿದೆ, ಸೆಲ್ ಇದೆ, ಇನ್ನೇನು ಬೇಕು ನಿನಗೆ ಎಂದು ಕೂಗಾಡಿದೆ. ಅಪ್ಪ ನಾನು ಸುಮ್ಮನಾಗುವವರೆಗೆ ಕಾದ.

"ನೀರು ತುಂಬೋಗಂಟ ಅದು ಸುಮ್ನಿರ್ತೈತಲ್ಲ. ಮಲಗೈತೋ ಸತ್ತೈತೋ ನಂಗೆ ಹೆಂಗ್ ಗೊತ್ತಾಗ್ಬೇಕು?"

ಮಲಗಿಯೇ ಇರುತ್ತದೆ, ನಂಬಬೇಕು ಎಂದೆ.

"ನಿನ್ನೂ ನಂಬಿದ್ನಲ್ಲ. ಬೆಳಿಗ್ಗೆ ರಿಂಗು ಬರ್ಲಿಲ್ಲ ಅಂದ್ರೆ ಚಳ್ಳಕೆರೆ ಬಸ್ ಹತ್ತಿ ಬರ್ತಿದ್ದೆ. ಹಾಸ್ಟೆಲ್ ಗೇಟ್‌ನಾಗೆ ನಿಂತು, ನೀನು ಕಾಲೇಜಿಗೆ ಹೋಗೋದು ನೋಡ್ಕಂಡು, ಹಂಗೇ ವಾಪಸ್ ಬರ್ತಿದ್ದೆ."

ಎಷ್ಟು ಸಲ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಗೆಳತಿಯರ ಜೊತೆ ನಗುತ್ತಾ ಆ ರಿಂಗನ್ನು ಮರೆತ ದಿನಗಳು ಲೆಕ್ಕವಿಲ್ಲದಷ್ಟಿದ್ದವು. ಕಣ್ಣು ತುಂಬಿ ಬಂತು, ಜಗಳ ಮರೆತುಹೋಯಿತು.

ಡಬ್ಬಿಯನ್ನು ಕೆಳಗೆ ತಂದು, ದಿನಾ ಬೆಳಿಗ್ಗೆ ಏಳಕ್ಕೆ ಒಂದು ರಿಂಗ್ ಕೊಡುವಂತೆ ಮಾಡಿದೆ. ಅಷ್ಟಕ್ಕೆ ಸೆಲ್ ಬೇಗ ಸವೆಯುತ್ತದೆ, ಸವೆಯಲಿ. ಉಳಿಸಲೆಂದೇ ಹಟ ಹಿಡಿದವಳು ನಾನೇ, ಖರ್ಚು ಮಾಡಲು ಅಷ್ಟು ಖುಷಿಯಾದದ್ದು ಅದೊಂದೇ ಸಲ.

ಈಗ ಏಳಕ್ಕೆ ಡಬ್ಬಿಯ ರಿಂಗ್ ಬರುತ್ತದೆ. ಏಳೂ ಐದಕ್ಕೆ ಚಳ್ಳಕೆರೆಯಿಂದ ನನ್ನದು. ಅಪ್ಪ ಎರಡನ್ನೂ ಎತ್ತುವುದಿಲ್ಲ, ಏಣಿಯನ್ನೂ ಹತ್ತುವುದಿಲ್ಲ.