ಅಮ್ಮನ ಬುತ್ತಿ, ಕೂಸಿನ ಒಲೆ

ಮಕ್ಕಳ ವಾರ್ಡಿನಲ್ಲಿ ರಕ್ತ ತೆಗೆಯುವವರಿಗೆ ತಾಯಂದಿರು ಇಟ್ಟ ಹೆಸರು ಸೂಜಿಮಾವ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಅಪ್ಪಣೆಯೇ ದೊರೆ?" ಎಂದು ಕೇಳದೆ ಅವರು ಯಾವ ಕೂಸಿನ ಹಿಮ್ಮಡಿಯನ್ನೂ ಮುಟ್ಟಿದವರಲ್ಲ. ರೋಟಾವೈರಸ್ ಭೇದಿಯಿಂದ ಚೇತರಿಸಿಕೊಂಡ ಕೂಸು, ಗರ್ಭದಲ್ಲೂ ಹಾಲಿನಲ್ಲೂ ಅಮ್ಮ ಕೊಟ್ಟ ರೋಗನಿರೋಧಕ ಪ್ರತಿಕಾಯಗಳ ಜೊತೆಗೆ ತನ್ನದೇ ಪ್ರತಿಕಾಯ ತಯಾರಿಸಿದೆಯೆಂದು ರಿಪೋರ್ಟು ಬಂದರೆ ಸಾಕು, ಓಡಿ ಬಂದು, "ಇಷ್ಟು ದಿನ ಅಮ್ಮ ಕಟ್ಟಿಕೊಟ್ಟ ಬುತ್ತಿ, ಈಗ ಸ್ವಂತ ಒಲೆ ಹಚ್ಚಿದ್ದಾನೆ ನೋಡಿ!" ಎಂದು ಕೂಸಿಗೆ ಸಲಾಂ ಹೊಡೆಯುತ್ತಾರೆ. "ನಾಳೆಯಿಂದ ಅಡುಗೆಯೂ ಇವನದೇ ಬಿಡಿ, ಮಾವ," ಎಂದು ತಾಯಂದಿರು ನಗುತ್ತಾರೆ. ಮೊನ್ನೆ ಬಂದದ್ದು ಅದೇ ಭೇದಿಗೆ ಸಿಕ್ಕಿದ್ದ ಅವರ ಮೂರು ತಿಂಗಳ ಮೊಮ್ಮಗಳ ರಿಪೋರ್ಟು. ದೇವರನ್ನು ನೆನೆದು ಬಿಡಿಸಿದರು. "ನನ್ನ ಹಾಲಲ್ಲೇ ಸತ್ವ ಇಲ್ವೇನೋ ಅಪ್ಪಾ," ಎಂದು ವಾರದಿಂದ ಕೊರಗುತ್ತಿದ್ದ ಮಗಳು ಪಕ್ಕದಲ್ಲೇ ನಿಂತಿದ್ದಳು. "ಒಲೆ ಹತ್ತಿದೆ ಮಗಳೇ! ನಿನ್ನ ಬುತ್ತಿಯೂ ಇನ್ನೂ ಮುಗಿದಿಲ್ಲ," ಎಂದವರೇ, ಈ ಸಲದ ಸಲಾಮನ್ನು ಮಗಳಿಗೇ ಹೊಡೆದರು.