ಕುರಿ ವ್ಯಾಪಾರಿಯ ಮುಂದಿನ ಹಲ್ಲು

ಧರ್ಮಪುರಿ ಬೇರೆ ಜಿಲ್ಲೆಯಾದ ಹೊಸದರಲ್ಲಿ ಅಲ್ಲಿಗೊಬ್ಬರು ಹಲ್ಲಿನ ಡಾಕ್ಟರು ಬಂದರು. ನನ್ನ ಕೆಳಗಿನ ಸಾಲಿನ ಮುಂದಿನ ಹಲ್ಲಿಗೆ ಕೀವು ತುಂಬಿ ಗದ್ದ ಊದಿಕೊಂಡಿತ್ತು. ಮಾತ್ರೆ ಕೊಟ್ಟು ಕಳಿಸುತ್ತಾರೆ ಅಂದುಕೊಂಡು ಹೋದೆ. ಅವರು ಟಾರ್ಚ್ ಬಿಟ್ಟು ನೋಡಿ, ಕಿತ್ತೇ ತೀರಬೇಕು ಅಂತ ತಮಿಳಿನಲ್ಲಿ ಹೇಳಿದರು.

ನನ್ನದು ಕುರಿ ವ್ಯಾಪಾರ. ಸಂತೆಯಲ್ಲಿ ಕುರಿಯ ತಲೆಯನ್ನು ಕಂಕುಳಲ್ಲಿ ಅವುಚಿ, ಹೆಬ್ಬೆರಳಿಂದ ತುಟಿ ಇಳಿಸಿ, ಹಲ್ಲು ನೋಡಿ ವಯಸ್ಸು ಹೇಳುತ್ತೇನೆ. ಮುಂದಿನ ಹಲ್ಲು ಬಿದ್ದಿದ್ದರೆ ಅದು ಮುದಿ ಕುರಿ, ನೇರ ಕಟುಕರ ಪಾಲು.

ಡಾಕ್ಟರು ಸೂಜಿ ಚುಚ್ಚಿ, ಹಿಂದೆ ನಿಂತು, ನನ್ನ ತಲೆಯನ್ನು ಥೇಟ್ ಹಾಗೆಯೇ ಕಂಕುಳಲ್ಲಿ ಅವುಚಿಕೊಂಡರು. ಹೆಬ್ಬೆರಳು ತುಟಿ ಇಳಿಸಿತು. ನನಗೆ ಜೀವ ಬಾಯಿಗೆ ಬಂದಂತಾಗಿ ಕಾಲು ಝಾಡಿಸಿದೆ.

"ಏನು ಕೆಲಸ ನಿಮ್ಮದು?" ಅಂದರು.

"ಕುರಿ ವ್ಯಾಪಾರ, ಸಾರ್."

"ನೀವು ಹಿಡಿದಾಗ ಕುರಿ ಹೀಗೇ ಒದೆಯುತ್ತಾ?"

"ಒದೆಯುತ್ತೆ ಸಾರ್. ಆದರೆ ನಾನು ನೋಡಿ ಬಿಟ್ಟುಬಿಡ್ತೀನಿ, ಕೀಳಲ್ಲ!"

ಅಷ್ಟರಲ್ಲಿ ಇಕ್ಕಳ ಬಾಯೊಳಗಿತ್ತು. ತಲೆಬುರುಡೆಯೆಲ್ಲ ಕರಕರ ಎಂದಿತು. ಹಲ್ಲು ತಟ್ಟೆಗೆ ಟಣ್ಣನೆ ಬಿತ್ತು.

ಮುಂದಿನ ಸಂತೆಯಲ್ಲಿ ಒಬ್ಬ ಅಜ್ಜಿಯ ಕುರಿ ಹಿಡಿದು ಬಾಯಿ ನೋಡಿದೆ. "ಮುಂದ್ಲ ಹಲ್ಲು ಓಗೈತೆ ಕಣಜ್ಜಿ. ಇದು ಕಟುಕ್ರಿಗೇ ಸರಿ" ಅಂದೆ.

ಅಜ್ಜಿ ಕುರಿಯನ್ನು ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು.

"ಅಂಗಾರೆ ಮೊದ್ಲು ನೀನು ನಡಿಯಲಾ ಕಟುಕ್ರ ತಾವ್ಕೆ," ಅಂದಳು. "ನನ್ ಕುರಿ ನಿನ್ ಇಂದಿಂದೇ ಬತ್ತೈತೆ."