ಏಳನೆಯ ಕ್ಯಾಸೆಟ್ಟು ಮತ್ತು ಟವೆಲ್ಲಿನ ವ್ಯಾಪಾರ

ಬಾಹ್ಯಾಕಾಶದ ಆ ಹಡಗು ರವಿವಾರ ಬೆಳಿಗ್ಗೆ ನಮ್ಮ ಟಿ.ವಿ.ಯಲ್ಲಿ ಹಾರಾಡುತ್ತಿದ್ದ ದಿನಗಳಲ್ಲಿ ನಾನು ಚಿಕ್ಕೋಡಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಧಾರಾವಾಹಿ ವಿದೇಶದ್ದು, ಬಹಳ ಹಳೆಯದು. ಹಡಗಿನ ಗೋಡೆಗಳು ರಟ್ಟಿನವೆಂಬುದು ಬರಿಗಣ್ಣಿಗೇ ಕಾಣುತ್ತಿತ್ತು. ಆದರೂ ಒಂದು ಕಂತನ್ನೂ ನಾನಾಗಿ ತಪ್ಪಿಸಿಕೊಂಡವನಲ್ಲ. ತಪ್ಪಿಸಿದ್ದು ಕರೆಂಟು. ಒಮ್ಮೆ ಕಪ್ತಾನನು ಪಾಳುಬಿದ್ದ ಗ್ರಹವೊಂದರಲ್ಲಿ ಇಳಿದು, ಉಕ್ಕಿನ ಬಾಗಿಲೊಂದರ ಮುಂದೆ ನಿಂತ. ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು. ಬಾಗಿಲು ಒಂದು ಗೇಣು ಸರಿಯಿತು. ಅಷ್ಟರಲ್ಲಿ ಚಿಕ್ಕೋಡಿಯ ಕರೆಂಟು ಹೋಯಿತು.

ನಿಪ್ಪಾಣಿಯಲ್ಲಿ ಹೋಗಿರಲಿಲ್ಲ. ಅಲ್ಲಿಂದ ಬರುತ್ತಿದ್ದ ಗಣಿತದ ಶಿಕ್ಷಕರು ಮರುದಿನ ಶಾಲೆಯ ಬಾಗಿಲಲ್ಲೇ ನಿಂತು, “ಒಳಗ ಏನಿತ್ತು ಹೇಳ್ಲೇನ್ರಿ?” ಎಂದರು. ನಾನು ಎರಡೂ ಕಿವಿಗಳನ್ನು ಮುಚ್ಚಿಕೊಂಡೆ. ಉತ್ತರವನ್ನು ನನ್ನ ಕಣ್ಣಿನಿಂದಲೇ ಕಾಣಬೇಕೆಂಬುದು ನನ್ನ ಹಟ. ಅದು ತಿಳಿದ ಮೇಲೆ ಅವರಿಗೆ ಬೇರೆ ಮನರಂಜನೆಯೇ ಬೇಕಾಗಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಸಹ ನನ್ನ ಹಿಂದೆ ಬಂದು “ಟಿಕ್ ಟಿಕ್” ಎನ್ನುತ್ತಿದ್ದರು.

ಕೆಲವು ವರ್ಷಗಳ ಬಳಿಕ ಆ ಧಾರಾವಾಹಿ ಹತ್ತು ವಿಡಿಯೋ ಕ್ಯಾಸೆಟ್ಟುಗಳಾಗಿ ಕೊಲ್ಹಾಪುರದ ಅಂಗಡಿಯೊಂದಕ್ಕೆ ಬಿಡಿಬಿಡಿಯಾಗಿ ಬರತೊಡಗಿತು. ಬಂದಂತೆ ಕೊಂಡೆ. ಪಠ್ಯಪುಸ್ತಕಗಳಿಗೆ ಹಾಕುವಂತೆ ಕಂದು ಕಾಗದದ ಹೊದಿಕೆ ಹಾಕಿ, ಕನ್ನಡದ ಅಂಕಿಗಳಲ್ಲಿ ಸಂಖ್ಯೆ ಬರೆದು, ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದೆ. ಎರಡನೆಯದನ್ನೂ ಐದನೆಯದನ್ನೂ ಎರಡೆರಡು ಕೊಂಡಿದ್ದೆ. ಒಂದು ನೋಡಲು, ಇನ್ನೊಂದು ಇಡಲು. ಏಳನೆಯದು ಮಾತ್ರ ಬರಲೇ ಇಲ್ಲ. ಅಂಗಡಿಯವನ ಪಟ್ಟಿಯ ಪ್ರಕಾರ ಬಾಗಿಲಿನ ಕಥೆ ಇದ್ದದ್ದು ಅದರಲ್ಲಿಯೇ, ಎರಡನೆಯದಾಗಿ.

ರಾಯಬಾಗದ ವಿಡಿಯೋ ಲೈಬ್ರರಿಗಳನ್ನು ಜಾಲಾಡಿದೆ. ಅಥಣಿಯ ಅಂಗಡಿಯವನೊಬ್ಬ ಪೌರಾಣಿಕ ಸಿನಿಮಾದ ಕ್ಯಾಸೆಟ್ಟನ್ನು ಮುಂದಿಟ್ಟು, “ನಿಮ್ಮದಿಲ್ರಿ. ಆದ್ರ ಇದರಾಗೂ ಆಕಾಶದಾಗ ಹಾರ್ತಾರ, ಒಯ್ರಿ” ಎಂದ. ಕೊನೆಗೆ ಶಿರಗುಪ್ಪಿಯ ಕಬ್ಬು ಬೆಳೆಗಾರರೊಬ್ಬರಲ್ಲಿ ಏಳನೆಯದು ಇದೆಯೆಂದು ತಿಳಿಯಿತು. ಬಾಗಿಲಿನ ಕಥೆಯನ್ನೂ ನನ್ನ ಹಟವನ್ನೂ ವಿವರಿಸಿ ಅವರಿಗೆ ನಾಲ್ಕು ಪರಿಚ್ಛೇದಗಳ ವಿನಯಪೂರ್ವಕ ಪತ್ರವನ್ನು ಬರೆದೆ. ಉತ್ತರವಾಗಿ ಒಂದು ಕಾರ್ಡು ಬಂತು: “ಕೊಡೂದಿಲ್ರಿ.”

ಆ ಕಾರ್ಡನ್ನು ಓದಿದವರು ನನ್ನ ಮಾವ. ಜೀವಮಾನವೆಲ್ಲ ಸಂತೆಗಳಲ್ಲಿ ಎತ್ತುಗಳ ದಲಾಲಿ ಮಾಡಿದವರು.

“ಅಳಿಯಂದ್ರ, ಕಾಗದ ಬರದ್ರ ಯಾವ ಎತ್ತು ಎದ್ದು ಬರತೈತ್ರಿ? ನಡೀರಿ, ನಾ ಬರ್ತೇನಿ. ಆ ಎರಡ ಜೋಡಿ ಕ್ಯಾಸೆಟ್ನಾಗ ಒಂದೊಂದು ತಗೋರಿ, ಬದಲಿ ಮಾಡೂಣು. ಆದ್ರ ಕಾಗದ ಬರದವ್ರು ನೀವಂತ ಗೊತ್ತಾಗಬಾರ್ದು, ಅಲ್ಲಿ ನೀವು ಬಾಯಿ ತೆರೀಬಾರ್ದು. ಏಳನೇದರ ಕಡೆ ಕಣ್ಣ ಸೈತ ಹಾಯಿಸಬಾರ್ದು.”

ಶಿರಗುಪ್ಪಿಯ ಸಾಹುಕಾರರು ನನ್ನ ವಯಸ್ಸಿನವರು. ಮುಖದ ತುಂಬ ತುಂಟತನ. ಮಾವ ಅವರ ಕಪಾಟಿನಿಂದ ಒಂದೊಂದೇ ಕ್ಯಾಸೆಟ್ಟನ್ನು ಇಳಿಸಿ, ಎತ್ತಿನ ತುಟಿ ಬಿಡಿಸಿ ಹಲ್ಲು ನೋಡುವಂತೆ ಹೆಬ್ಬೆರಳಿನಿಂದ ಮುಂದಿನ ಮುಚ್ಚಳವನ್ನೆತ್ತಿ ಒಳಗಿನ ಟೇಪನ್ನು ನೋಡಿದರು. “ಇದರ ಬಾಯಿ ಚಲೋ ಐತಿ. ಇದಕ್ಕ ವಯಸ್ಸಾಗೇತಿ.” ಏಳನೆಯದನ್ನು ಮುಚ್ಚಳ ಸಹ ಎತ್ತದೆ ಬದಿಗೆ ಸರಿಸಿದರು. ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ದೃಷ್ಟಿ ನೆಟ್ಟು ಕುಳಿತಿದ್ದೆ.

ಆಮೇಲೆ ಮಾವ ಹೆಗಲ ಟವೆಲ್ಲನ್ನು ತೆಗೆದು ತಮ್ಮ ಹಾಗೂ ಸಾಹುಕಾರರ ಬಲಗೈಗಳ ಮೇಲೆ ಹರಡಿದರು. ಸಂತೆಯಲ್ಲಿ ಸುತ್ತ ನಿಂತವರಿಗೆ ವ್ಯವಹಾರ ತಿಳಿಯಬಾರದೆಂದು ಬೆರಳು ಹಿಡಿದು ಬೆಲೆ ಮಾತಾಡುವ ಪದ್ಧತಿ ಅದು. ಅಲ್ಲಿ ಸುತ್ತ ನಿಂತವನೆಂದರೆ ನಾನೊಬ್ಬನೇ. ಟವೆಲ್ಲು ಅತ್ತಿತ್ತ ಮಿಸುಕಾಡಿ ಕೊನೆಗೆ ಸ್ತಬ್ಧವಾಯಿತು.

“ಆತು ಕಾಕಾ, ಒಂದಕ್ಕ ಒಂದು,” ಎಂದರು ಸಾಹುಕಾರರು. “ಹಂಗಾರ ಆರನೇದು ಒಯ್ರಿ. ಆ ಬಾಗಲದ ಕತಿ ಅದರಾಗನ ಐತಿ.”

“ಆರನೇದರಾಗ ಅಲ್ರಿ, ಏಳನೇದರಾಗ,” ಎಂದುಬಿಟ್ಟೆ. “ಅದರಾಗೂ ಎರಡನೇ ಕತಿ.”

ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರುವುದು ನನಗೆ ಎಂದೂ ಸಾಧ್ಯವಾಗಿರಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡರು. ಸಾಹುಕಾರರು ತೊಡೆ ತಟ್ಟಿ ನಕ್ಕರು.

“ಏನ್ರಿ ಕಾಕಾ, ನಿಮ್ಮ ಎತ್ತು ತಾನ ತನ್ನ ರೇಟು ಹೇಳಿಬಿಡ್ತಲ್ರಿ! ಆ ಕಾಗದ ಬರದವ್ರು ಇವರ ಹೌದಲ್ಲ? ಎರಡೂ ಕ್ಯಾಸೆಟ್ ಇಲ್ಲಿಡ್ರಿ. ಮ್ಯಾಲ ಇನ್ನೊಂದ ಕರಾರು. ಬಾಗಲದ ಹಿಂದ ಏನೈತಂತ ಮದ್ಲ ನಾ ಹೇಳಾಂವ. ಕೇಳಿದ ಮ್ಯಾಲ ಒಯ್ಯೂದು.”

“ಹಂಗಾದ್ರ ಬ್ಯಾಡ್ರಿ,” ಎಂದು ಎದ್ದೆ. ಇಷ್ಟು ವರ್ಷ ಕಾಪಾಡಿಕೊಂಡ ಕಿವಿಗಳು!

“ಕುಂಡ್ರಿ ಅಳಿಯಂದ್ರ,” ಎಂದರು ಮಾವ. “ಸಾವ್ಕಾರ್ರ, ಕೇಳಬೇಕಂದ್ರಿ. ಯಾರ ಕೇಳಬೇಕಂತ ಹೇಳಿಲ್ಲಲ್ಲ? ನನ್ನ ಕಿವ್ಯಾಗ ಹೇಳ್ರಿ.”

ಸಾಹುಕಾರರು ಅರೆಗಳಿಗೆ ಯೋಚಿಸಿ, ಟವೆಲ್ಲನ್ನು ಇಬ್ಬರ ತಲೆಗಳ ಮೇಲೂ ಎಳೆದುಕೊಂಡರು. ಪಿಸುಮಾತು ಮುಗಿದು ಮಾವ ಹೊರಗೆ ಬಂದಾಗ ಅವರ ಮುಖವೇ ಬದಲಾಗಿತ್ತು. ಕ್ಯಾಸೆಟ್ಟು ನನ್ನ ಚೀಲ ಸೇರಿತು.

ಬಸ್ಸಿನಲ್ಲಿ ಮಾವ ಟವೆಲ್ಲಿನ ತುದಿಯನ್ನು ಬಾಯಲ್ಲಿಟ್ಟು ಕುಳಿತರು. ಕೃಷ್ಣೆಯ ಸೇತುವೆಯ ಮೇಲೆ ಅದನ್ನು ತೆಗೆದು, “ಆ ಗ್ರಹದಾಗ ಹುಲ್ಲು ಬೆಳೀತೈತೇನ್ರಿ?” ಎಂದರು.

“ಮಾಮಾ, ನಿಮ್ಮ ಕಾಲಿಗೆ ಬೀಳ್ತೇನಿ, ಸುಮ್ನ ಕುಂಡ್ರಿ.”

ಟವೆಲ್ಲು ಅಂಕಲಿಯವರೆಗೆ ಮತ್ತೆ ಬಾಯಿ ಸೇರಿತು. ಅಲ್ಲಿ ತಮ್ಮಷ್ಟಕ್ಕೆ ತಾವೇ, “ಒಂದ ಕಾಲಿಗೆ ಎರಡ ಲಾಳ. ಹದಿನಾರು ಬೇಕಾಗ್ತಾವು...” ಎಂದು ಆರಂಭಿಸಿದರು. ನಾನು ಕಿವಿಗಳಲ್ಲಿ ಬೆರಳಿಟ್ಟು, ಚಿಕ್ಕೋಡಿ ನಿಲ್ದಾಣದವರೆಗೂ ತೆಗೆಯಲಿಲ್ಲ. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಮನೆಗೆ ಬಂದವನು ಚಹಾವನ್ನೂ ಕುಡಿಯದೆ ಕ್ಯಾಸೆಟ್ಟನ್ನು ಹಾಕಿದೆ. ಮಾವ ಪಕ್ಕದಲ್ಲಿ, ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ. ಕಪ್ತಾನ ನಿಂತ. ಟಿಕ್ ಟಿಕ್. ಬಾಗಿಲು ಒಂದು ಗೇಣು ಸರಿಯಿತು, ಪೂರ್ತಿ ಸರಿಯಿತು. ಒಳಗೆ ಒಬ್ಬ ಮುದುಕಿ ಎರಡು ಕಡ್ಡಿಗಳಿಂದ ಉಣ್ಣೆ ಹೆಣೆಯುತ್ತ ಕುಳಿತಿದ್ದಳು. ತಲೆಯೆತ್ತಿ, ಬಾಗಿಲು ಹಾಕು, ಚಳಿ ಬರುತ್ತದೆ ಎಂದು ಕಪ್ತಾನನನ್ನು ಗದರಿದಳು. ಇಷ್ಟು ವರ್ಷ ನಾನು ಬಾಂಬೆಂದು, ಯಂತ್ರವೆಂದು, ಹುಳುವೆಂದು ಕಲ್ಪಿಸಿಕೊಂಡಿದ್ದ ಸದ್ದು ಹೆಣಿಗೆಯ ಕಡ್ಡಿಗಳದ್ದು! ಸಂತೋಷದಿಂದ ಚಪ್ಪಾಳೆ ತಟ್ಟಿದೆ.

“ಎತ್ತೆಲ್ಲೈತ್ರಿ?” ಎಂದರು ಮಾವ.

“ಯಾವ ಎತ್ತು, ಮಾಮಾ?”

“ಎಂಟ ಕಾಲಿನ ಬಿಳಿ ಎತ್ತು! ಬಾಗಲಾ ತೆರದ ಕೂಡ್ಲೇ ನಿಂತಿರತೈತಿ ಅಂದಾನ ಸಾವ್ಕಾರ.”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. “ಅಂವ ನಿಮಗ ಸುಳ್ಳ ಹೇಳ್ಯಾನ್ರಿ,” ಎಂದು ತಿದ್ದಲು ಬಾಯಿ ತೆರೆದೆ.

“ಟವೆಲ್ ಕೆಳಗ ಯಾರೂ ಸುಳ್ಳ ಹೇಳೂದಿಲ್ರಿ ಅಳಿಯಂದ್ರ,” ಎಂದರು ಮಾವ, ಗಂಭೀರವಾಗಿ. “ನಂಬರ್ ತಪ್ಪಿರಬೇಕು. ಮುಂದಿನದರಾಗ ಇದ್ದೀತು.”

ಎಂಟು, ಒಂಬತ್ತು, ಹತ್ತು ನನಗೆ ಬಾಯಿಪಾಠವಾಗಿದ್ದವು. ಮೂರರಲ್ಲಿಯೂ ಎತ್ತಿರಲಿ, ಎತ್ತಿನ ಬಾಲವೂ ಇರಲಿಲ್ಲ. ತೆರೆದ ಬಾಯನ್ನು ಹಾಗೆಯೇ ಮುಚ್ಚಿ, ಬೀರುವಿನಿಂದ ಎಂಟನೆಯದನ್ನು ತೆಗೆದೆ.

“ಇದ್ದೀತ್ರಿ ಮಾಮಾ,” ಎಂದೆ. “ಕಣ್ಣ ಮಿಟಕಿಸದ ನೋಡ್ರಿ, ಭಾಳ ಜೋರ ಓಡತೈತಿ.”